ಹಿಮದ ಟೈರು ಮತ್ತು ಎಡಗಡೆಯ ಸೀಟು

ನಮ್ಮ ನೆಂಟರಿಷ್ಟರಲ್ಲಿ ಈ ಕತೆ ಹೇಳುವ ಕ್ರಮ ಹೀಗಿದೆ. ನನ್ನ ಸೋದರಮಾವ ತಮ್ಮ ಪಿಕಪ್ ಗಾಡಿ ತೆಗೆದುಕೊಂಡು ಚಳಿಗಾಲದಲ್ಲಿ ಹಿಮಾಲಯಕ್ಕೆ ಹೊರಟರು. ಅತ್ತೆ ಹೆದರಿಕೊಂಡರು. ಟೈರು ಜಾರುತ್ತದೆ ಎಂದು ದಿನಕ್ಕೊಂದು ತಕರಾರು ತೆಗೆದರು. ಮಾವ ತಾಳ್ಮೆ ಕೆಡಿಸಿಕೊಳ್ಳದೆ, ಹೆಂಡತಿಗೆ ಸಮಾಧಾನವಾಗುವಂಥ ಟೈರು ಹುಡುಕಿ ಹಾಕಿಸಿ, ಹೋಗಿ, ಕ್ಷೇಮವಾಗಿ ಬಂದರು. ಇಷ್ಟು ಹೇಳಿದ ಮೇಲೆ ಕೇಳಿದವರಲ್ಲಿ ಒಬ್ಬರಾದರೂ “ಪಾಪ, ಹೆಂಗಸ್ರ ಜೀವ ಅಲ್ವಾ” ಎನ್ನುತ್ತಾರೆ. ಅತ್ತೆ ಸಾಮಾನ್ಯವಾಗಿ ಅಲ್ಲೇ ಕೂತಿರುತ್ತಾರೆ.

ಈ ನಿರೂಪಣೆಯಲ್ಲಿ ಗಾಡಿ ನಿಜ, ಹಿಮಾಲಯ ನಿಜ, ಟೈರಂತೂ ನಾನೇ ಕೈಯಾರೆ ಮುಟ್ಟಿ ನೋಡಿದ್ದು. ಉಳಿದದ್ದಕ್ಕೆ ನನ್ನ ಆಕ್ಷೇಪಣೆ ಇದೆ. ಅತ್ತೆ ಹೆದರಿರಲಿಲ್ಲ. ಅತ್ತೆಗೆ ತಾವೂ ಹೋಗಬೇಕಾಗಿತ್ತು. ಗಾಡಿಯ ಮುಂಭಾಗದಲ್ಲಿ ಎರಡು ಸೀಟುಗಳಿದ್ದವು, ಬಲಗಡೆಯದು ಮಾವನದು. ಎಡಗಡೆಯದರ ಮೇಲೆ ಅತ್ತೆಗೆ ಕಣ್ಣಿತ್ತು. ಟೈರಿನ ವಿಷಯವಾಗಿ ಅವರು ಎತ್ತಿದ ಒಂದೊಂದು ಪ್ರಶ್ನೆಯೂ ಆ ಸೀಟಿನಿಂದ ಬಂದದ್ದು. ಸಾಕ್ಷಿ ನಾನು. ನನ್ನನ್ನು ಪಾಟೀಸವಾಲು ಮಾಡಬಯಸುವವರಿಗೆ ಸ್ವಾಗತ.

ಆಗ ನಾನು ಡಿಗ್ರಿಯಲ್ಲಿದ್ದೆ, ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಅಂತರ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ತಿಳಿಯುತ್ತದೆ. ಅಲ್ಲಿಯವರೆಗೆ ನಮಗೆ ಯಾವ ನಂಬಿಕೆಯೂ ಇರುವುದಿಲ್ಲ. ಚೀಟಿ ಎತ್ತಿದ ಕೂಡಲೇ ಬಹಳ ಗಾಢವಾದ ನಂಬಿಕೆ ಬರುತ್ತದೆ. “ಸದನದ ಅಭಿಪ್ರಾಯದಲ್ಲಿ” ಎಂದು ಶುರುವಾಗುವ ಯಾವ ವಾಕ್ಯವನ್ನಾದರೂ ಎರಡೂ ಕಡೆಯಿಂದ ಒಡೆಯುವುದು ನಮಗೆ ಕಲಿಸಿದ ವಿದ್ಯೆ. ಮನೆಯಲ್ಲಿ ಇದಕ್ಕೆ ಬಾಯಿಬಡುಕತನ ಎಂದು ಹೆಸರಿತ್ತು. ಆದರೆ ಯಾರನ್ನಾದರೂ ಒಪ್ಪಿಸಬೇಕಾಗಿ ಬಂದಾಗ ನನಗೇ ಹೇಳಿಕಳಿಸುತ್ತಿದ್ದರು.

ಮಾವನ ಮನೆ ಚಂದ್ರಾ ಲೇಔಟಿನಲ್ಲಿ. ನಮ್ಮದು ವಿಜಯನಗರ, ನಡೆದೇ ಹೋಗಬಹುದು. ಅವರ ಪಿಕಪ್ಪು ಯಾವುದೋ ಗಣಿ ಕಂಪನಿಯವರು ಹರಾಜಿಗೆ ಹಾಕಿದ್ದ ಫೋರ್ ವೀಲ್ ಡ್ರೈವ್ ಗಾಡಿ. ಅದರಲ್ಲಿ ಮಾವ ಕೆಂಗೇರಿ ಕಡೆಯ ನರ್ಸರಿಗಳಿಂದ ಹೂವಿನ ಗಿಡ, ಲಾನಿನ ಹುಲ್ಲು, ಕೆಮ್ಮಣ್ಣು ಸಾಗಿಸುತ್ತಿದ್ದರು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಯಂತ್ರದಲ್ಲಿ ದಾಸವಾಳದ ಗಿಡ ಸಾಗಿಸುವುದರ ಬಗ್ಗೆ ಅವರಿಗೆ ಒಳಗೊಳಗೇ ಸಂಕಟವಿತ್ತು. ಹೀಗಿರುವಾಗ ರಾಜರಾಜೇಶ್ವರಿನಗರದ ಒಂದು ಮನೆಗೆ ಲಾನು ಹಾಕಿಸಲು ಹೋದಾಗ ಮನೆಯೊಡೆಯರು ಗಾಡಿಯ ಸುತ್ತ ಒಂದು ಸುತ್ತು ಬಂದರಂತೆ. ಅವರದು ಜೀಪು ಓಡಿಸುವವರ ಒಂದು ಕ್ಲಬ್ಬು. ಚಳಿಗಾಲದಲ್ಲಿ ಸ್ಪಿತಿ ಕಣಿವೆಗೆ ಹೊರಟಿದ್ದರು. ಡೀಸೆಲ್ಲು, ದಿನಸಿ, ರಿಪೇರಿ ಸಾಮಾನು ಹೊರಲು ಒಂದು ಗಾಡಿ ಬೇಕಾಗಿತ್ತು. ಟೈರಿನ ಖರ್ಚು ಕ್ಲಬ್ಬಿನದೇ. ಮಾವ ಒಪ್ಪಿಕೊಂಡು ಬಂದು ಹೇಳಿದ ದಿನ ಅಮ್ಮನೂ ನಾನೂ ಅವರ ಮನೆಯಲ್ಲೇ ಇದ್ದೆವು.

“ಅದೆಂಥ ಸ್ಥಿತೀನೋ?” ಎಂದರು ನನ್ನಮ್ಮ.

“ಸ್ಥಿತಿ ಅಲ್ಲ ಅಕ್ಕ, ಸ್ಪಿತಿ. ಪೂರ್ತಿ ಹಿಮ. ರಸ್ತೆ ಕಾಣಲ್ಲ.”

“ರಸ್ತೆ ಕಾಣದೆ ಇರೋ ಕಡೆ ಹೋಗೋಕೆ ಅಷ್ಟು ದೂರ ಯಾಕೆ? ನಮ್ ಕ್ರಾಸಲ್ಲಿ ಪೈಪ್ ಹಾಕಕ್ಕೆ ಅಗ್ದಿದಾರೆ ನೋಡು.”

ಅತ್ತೆ ಆಗ ಹುರುಳಿಕಾಯಿ ಸೋಸುತ್ತಿದ್ದರು. ತಲೆಯೆತ್ತದೆ ಕೇಳಿದರು: “ಈ ಟೈರಲ್ಲಿ ಹೋಗ್ಬಹುದಾ?”

ಇದು ಮೊದಲನೆಯ ಪ್ರಶ್ನೆ. ಇದನ್ನೇ ನಮ್ಮವರು ಮೊದಲನೆಯ ತಕರಾರು ಎಂದು ಹೇಳುತ್ತಾರೆ.

ಇಲ್ಲಿ ಸ್ವಲ್ಪ ವ್ಯಾಕರಣ ಬೇಕಾಗುತ್ತದೆ, ಓದುವವರು ಸಹಿಸಿಕೊಳ್ಳಬೇಕು. ಕನ್ನಡದಲ್ಲಿ ಕರ್ತೃಪದ ಬಿಟ್ಟರೂ ವಾಕ್ಯ ನಿಲ್ಲುತ್ತದೆ, ಯಾಕೆಂದರೆ ಕ್ರಿಯಾಪದವೇ ಯಾರೆಂದು ಹೇಳಿಬಿಡುತ್ತದೆ. ಹೋಗ್ತೀನಿ ಅಂದರೆ ನಾನು, ಹೋಗ್ತಾರೆ ಅಂದರೆ ಅವರು. ಆದರೆ ಹೋಗಬಹುದು, ಹೋಗಬೇಕು, ಹೋಗೋಕಾಗತ್ತೆ ಎಂಬ ರೂಪಗಳಿವೆಯಲ್ಲ, ಇವು ಬಾಯಿ ಬಿಡುವುದಿಲ್ಲ. ಯಾರು ಬೇಕಾದರೂ ಇರಬಹುದು. ಅತ್ತೆಯ ಮಾತೆಲ್ಲ ಈ ರೂಪಗಳಲ್ಲೇ ನಡೆಯುತ್ತಿತ್ತು. ಗಂಡನ ಹೆಸರು ಹೇಳಬಾರದು ಎಂದು ಬೆಳೆದವರು. ‘ಇವರು’ ಎನ್ನಲೂ ಒಂದಿಷ್ಟು ಸಂಕೋಚ. ಆದ್ದರಿಂದ ಅವರ ವಾಕ್ಯದಲ್ಲಿ ಯಾರೂ ಕಾಣಿಸದಿದ್ದರೆ ಅದು ಮಾವನೇ ಎಂದು ಮನೆಮಂದಿಯೆಲ್ಲ ತಿಳಿದುಕೊಳ್ಳುವುದು ರೂಢಿ. ಊಟಕ್ಕೆ ಬರಬಹುದು ಅಂದರೆ ಮಾವ. ತಲೆನೋವು ಬಂದಿರಬಹುದು ಅಂದರೂ ಮಾವ. ಅತ್ತೆಗೇ ತಲೆನೋವು ಬಂದ ಒಂದು ದಿನ ಮಾವನಿಗೆ ಮಾತ್ರೆ ತಂದುಕೊಟ್ಟದ್ದನ್ನು ನಾನು ಕಂಡಿದ್ದೇನೆ.

“ಆಗ್ಲೇ ಹೆದ್ರುಕೊಂಡ್ಲು ನೋಡು” ಎಂದು ಮಾವ ನನ್ನ ಕಡೆ ತಿರುಗಿದರು. “ನೀನಿದ್ದೀಯಲ್ಲ, ಡಿಬೇಟ್ ಚಾಂಪಿಯನ್ನು. ಯಾವ ಟೈರು ಅಂತ ನೋಡಿ ನಿಮ್ಮತ್ತೇನ ಒಪ್ಸು.”

ಹೀಗೆ ನನಗೆ ಚೀಟಿ ಬಂತು.

ಹಿಮದ ವಿಷಯದಲ್ಲಿ ನಮ್ಮ ಮನೆತನದ ಅನುಭವ ಫ್ರಿಜ್ಜಿನ ಮೇಲಿನ ಗೂಡಿಗೆ ಸೀಮಿತವಾಗಿತ್ತು. ಅದನ್ನು ಅತ್ತೆ ಆಗಾಗ ಸೌಟಿನ ಹಿಡಿಯಿಂದ ಕೆರೆದು ತೆಗೆಯುತ್ತಿದ್ದರು. ನಾನು ವಿಜಯನಗರದ ಸೈಬರ್ ಸೆಂಟರಿನಲ್ಲಿ ಕೂತು ಕೆನಡಾದವರೂ ನಾರ್ವೆಯವರೂ ಬರೆದದ್ದನ್ನೆಲ್ಲ ಪ್ರಿಂಟು ತೆಗೆಸಿದೆ. ಪಕ್ಕದ ಕಂಪ್ಯೂಟರಿನಲ್ಲಿ ಜಾತಕ ನೋಡುತ್ತಿದ್ದ ಆಂಟಿ ನನ್ನ ಪರದೆಯತ್ತ ಬಗ್ಗಿ, “ಫಾರಿನ್ ಗಂಡಾ?” ಎಂದು ವಿಚಾರಿಸಿದರು. ಟೈರು ಎಂದೆ. ನಂಬಲಿಲ್ಲ.

ಓದಿದ್ದರಲ್ಲಿ ತಿಳಿದದ್ದು ಇಷ್ಟು. ಹಿಮಕ್ಕೆಂದೇ ಮಾಡಿದ ಟೈರಿನ ರಬ್ಬರು ಎಂಥ ಚಳಿಯಲ್ಲೂ ಮೆತ್ತಗಿರುತ್ತದೆ. ಅದು ಬೆಂಗಳೂರಿನಲ್ಲಿ ಸಿಗುವುದಿಲ್ಲ, ಸಿಕ್ಕಿದರೂ ನೆಲಮಂಗಲ ದಾಟುವಷ್ಟರಲ್ಲಿ ಸವೆಯಲು ಶುರು. ಇಲ್ಲಿ ಸಿಗುವುದು ಎರಡು ಜಾತಿ. ಕೆಸರಿನ ಟೈರು: ಟ್ರ್ಯಾಕ್ಟರಿನ ಹಾಗೆ ದಪ್ಪ ದಪ್ಪ ಗುಬುಟು, ನೋಡಿದರೆ ಭಯವಾಗಬೇಕು. ಇನ್ನೊಂದು ಆಲ್ ಟೆರೇನ್: ಗುಬುಟು ಚಿಕ್ಕದು, ಅದರ ಮೇಲೆ ಬ್ಲೇಡಿನಿಂದ ಗೀರಿದ ಹಾಗೆ ಸಣ್ಣ ಸೀಳುಗಳು. ಹಿಮವನ್ನು ಹಿಡಿಯುವುದು ಆ ಸೀಳುಗಳೇ. ಗಟ್ಟಿ ಮಂಜುಗಡ್ಡೆಯ ಮೇಲೆ ಎರಡೂ ಜಾರುತ್ತವೆ, ಆಗ ಚಕ್ರಕ್ಕೆ ಸರಪಳಿ ಕಟ್ಟಬೇಕು. ನಾಲ್ಕೂ ಚಕ್ರಕ್ಕೆ ಒಂದೇ ಜಾತಿ ಇರಬೇಕು. ಸ್ಟೆಪ್ನಿಯೂ ಅದೇ ಜಾತಿ.

ಮಾವ ಪೂರ್ತಿ ಕೇಳಿಸಿಕೊಂಡು, “ಕೆಸರಿಂದೇ ಹಾಕ್ಸೋಣ” ಎಂದರು.

“ಯಾಕೆ ಮಾವ?”

“ನೋಡಕ್ಕೆ ಗತ್ತಾಗಿರತ್ತೆ.”

ನಾನು ಪ್ರಿಂಟುಗಳನ್ನು ಮಡಿಸಿಟ್ಟೆ.

ಭಾನುವಾರ ಮೂವರೂ ದೀಪಾಂಜಲಿ ನಗರದ ಹತ್ತಿರ ಮೈಸೂರು ರಸ್ತೆಯಲ್ಲಿದ್ದ ಟೈರ್ ಅಂಗಡಿಗೆ ಹೋದೆವು. ನಾನು ಹಿಂದೆ ಕೆಮ್ಮಣ್ಣಿನ ಚೀಲದ ಮೇಲೆ, ಅತ್ತೆ ಮುಂದೆ ಎಡಗಡೆ. ಅಂಗಡಿಯವರು ದೊಡ್ಡ ಹೊಟ್ಟೆಯ ಸಮಾಧಾನದ ಮನುಷ್ಯ. ಕೂತಲ್ಲಿಂದ ಏಳದೆ ಕಾಲಿನಿಂದಲೇ ಎರಡು ಟೈರು ಮುಂದೆ ತಳ್ಳಿದರು. ಆಲ್ ಟೆರೇನ್ ಟೈರಿನ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಎಂ ಪ್ಲಸ್ ಎಸ್ ಎಂದು ಅಚ್ಚು ಹಾಕಿತ್ತು.

“ಎಂ ಅಂದ್ರೆ ಮಂಜು, ಎಸ್ ಅಂದ್ರೆ ಸ್ನೋ. ಡಬಲ್ ಗ್ಯಾರಂಟಿ ಸಾರ್” ಎಂದರು ಅಂಗಡಿಯವರು.

“ಎಂ ಅಂದ್ರೆ ಮಡ್ಡು. ಕೆಸರು” ಎಂದೆ ನಾನು.

“ಅದು ಫಾರಿನ್ನಲ್ಲಿ ಪಾಪ. ಇದು ಸೌತ್ ಇಂಡಿಯಾ ಮಾಲು.”

“ಕಂಪನಿಯವ್ರು ಕನ್ನಡದಲ್ಲಿ ಯಾಕೆ ಬರೀತಾರೆ ಅಂಕಲ್?”

“ಕನ್ನಡದವ್ರೂ ತಗೋತಾರಲ್ಲಮ್ಮ” ಎಂದು ಅವರು ಸೌಜನ್ಯದಿಂದಲೇ ಚರ್ಚೆ ಮುಗಿಸಿದರು. ಮಾವನಿಗೆ ಈ ವಿವರಣೆ ಬಹಳ ಹಿಡಿಸಿತು. ಈಗಲೂ ಅದನ್ನೇ ಹೇಳುತ್ತಾರೆ.

ಅತ್ತೆ ಎರಡೂ ಟೈರುಗಳ ನಡುವೆ ನಿಂತಿದ್ದರು. “ಇದ್ರಲ್ಲಿ ಯಾವ್ದಕ್ಕೆ ಅಲ್ಲಾಟ ಕಮ್ಮಿ?” ಎಂದು ಕೇಳಿದರು.

“ಮೇಡಂ, ಕೆಸರಿಂದು ಹಾಕಿದ್ರೆ ಟಾರ್ ರೋಡಲ್ಲಿ ಗಿರ್ರ್ ಅಂತ ಹೊಡ್ಕೊಳ್ಳತ್ತೆ. ಮೈಕೈ ಎಲ್ಲಾ ನೋವು. ಕಿವಿ ಹೋಗ್ತದೆ.”

“ಹಂಗಾದ್ರೆ ಅದು ಬೇಡ. ಅಷ್ಟು ದೂರ ಮಾತಾಡ್ಕೊಂಡು ಹೋಗೋಕಾಗ್ಬೇಕಲ್ಲ.”

ಮಾವ ನಕ್ಕುಬಿಟ್ಟರು. “ನಾನ್ ಯಾರತ್ರ ಮಾತಾಡ್ಲಿ ಕಣೇ? ಕ್ಯಾಸೆಟ್ ಹಾಕ್ಕೋತೀನಿ.”

ಅತ್ತೆ ಮತ್ತೆ ಕೇಳಿದರು: “ಕಣಿವೆ ಯಾವ ಕಡೆಗೆ ಬರತ್ತಂತೆ? ಎಡಗಡೆಗಾ, ಬಲಗಡೆಗಾ?”

“ಬೀಳಲ್ಲ ಕಣೇ ಮಾರಾಯ್ತಿ!”

“ಬೀಳೋದಲ್ಲ. ಯಾವ ಕಡೆ ಅಂತ.”

“ಹೋಗ್ತಾ ಒಂದ್ ಕಡೆ, ಬರ್ತಾ ಇನ್ನೊಂದ್ ಕಡೆ” ಎಂದರು ಅಂಗಡಿಯವರು. ಅವರೂ ಅಲ್ಲಿಗೆ ಹೋದವರಲ್ಲ, ಆದರೆ ಉತ್ತರ ತರ್ಕಬದ್ಧವಾಗಿತ್ತು. ಅತ್ತೆಗೆ ತೃಪ್ತಿಯಾಯಿತು. ಅಲ್ಲಿ ಕಿಟಕಿ ಗಾಜು ಇಳಿಸಬಹುದಾ, ಗಾಡಿಯ ಹೀಟರು ಎರಡೂ ಕಡೆಗೆ ಬರುತ್ತದಾ ಎಂದೂ ವಿಚಾರಿಸಿದರು. ಹೀಟರು ತಮ್ಮ ಇಲಾಖೆಯಲ್ಲ ಎಂದು ಅಂಗಡಿಯವರು ತಿಳಿಸಿದರು.

ಸದನದ ಮುಂದೆ ನಾನು ಇಡುವ ಪ್ರಶ್ನೆ ಸರಳವಾದದ್ದು. ಗಂಡ ಪ್ರಪಾತಕ್ಕೆ ಬೀಳುತ್ತಾನೆಂದು ಹೆದರಿದ ಹೆಂಗಸು ಪ್ರಪಾತ ಯಾವ ಕಿಟಕಿಯಲ್ಲಿ ಕಾಣುತ್ತದೆ ಎಂದು ಕೇಳುತ್ತಾಳೆಯೇ? ಅವನಿಗೆ ಮೈಕೈ ನೋವಾಗಬಾರದೆಂದು ಕೇಳಬಹುದು, ಒಪ್ಪಿದೆ. ಮಾತಾಡಿಕೊಂಡು ಹೋಗಲು ತೊಂದರೆಯಾಗಬಾರದೆಂದು ಕೇಳಿದ್ದಕ್ಕೆ ಏನು ಸಮಜಾಯಿಷಿ? ಮಾವ ಒಬ್ಬರೇ ಮಾತಾಡಿಕೊಳ್ಳುವ ಅಭ್ಯಾಸದವರಲ್ಲ.

ಆಲ್ ಟೆರೇನ್ ಗೆದ್ದಿತು. ಹಾಕಿಸಿದ ಮೇಲೆ ಮಾವನಿಗೆ ಪರೀಕ್ಷೆ ಮಾಡಿ ತೋರಿಸುವ ಉಮೇದು ಬಂತು. ಟೈರು ಹಾಕಿಸಿಯಾದ ಮೇಲೆ ಪರೀಕ್ಷೆ ಯಾತಕ್ಕೆ, ಸೋತರೆ ಏನು ಮಾಡುತ್ತೀರಿ ಎಂದು ನಾನು ಕೇಳಿದೆ. “ಸೋಲಲ್ಲ” ಎಂದರು. ಮೀನಿನವರಿಗೆ ಪುಡಿ ಐಸು ಕೊಡುವ ಕಾರ್ಖಾನೆಯಿಂದ ಗೋಣಿಚೀಲಗಳಲ್ಲಿ ಐಸು ಬಂತು. ಅವರ ಬೀದಿ ತಿಳಿದವರಿಗೆ ಗೊತ್ತು, ಉದ್ಯಾನದ ಕಡೆಗೆ ಒಳ್ಳೆಯ ಇಳಿಜಾರು. ಇಳಿಜಾರಿನ ತುಂಬ ಐಸು ಹರಡಿದ್ದಾಯಿತು. ಎದುರು ಮನೆಯ ಆಂಟಿ ಕಾಂಪೌಂಡಿನಿಂದ ಬಗ್ಗಿ ಮೂಸಿ, “ಏನ್ರೀ ಇದು, ಮೀನು ವಾಸ್ನೆ! ನಮ್ ಗೇಟ್ ಮುಂದೆ ಹಾಕ್ಬೇಡಿ, ಇವತ್ತು ನಮ್ಮನೇಲಿ ಪೂಜೆ” ಎಂದರು.

“ಹಿಮಾಲಯ ಆಂಟಿ, ಹಿಮಾಲಯ” ಎಂದರು ಮಾವ.

“ಹಿಮಾಲಯದಲ್ಲಿ ಮೀನು ಎಲ್ಲಿಂದ ಬಂತು?”

ಪರೀಕ್ಷೆಗೆ ಅತ್ತೆಯೂ ಗಾಡಿ ಹತ್ತಿದರು. ಎಡಗಡೆಗೆ. ಕಾಲಿಗೆ ಮಾವನ ಸಾಕ್ಸು, ಅದರ ಮೇಲೆ ಚಪ್ಪಲಿ, ಸೀರೆಯ ಮೇಲೆ ಸ್ವೆಟರು. ಬಿಸಿಲು ಕಣ್ಣು ಕುಕ್ಕುತ್ತಿತ್ತು. “ನಂಬಿಕೆ ಇಲ್ಲ, ಅದಕ್ಕೇ ತಾನೇ ಕೂತ್ಕೊಂಡು ನೋಡ್ತಾಳಂತೆ” ಎಂದು ಮಾವ ನೆರೆದವರಿಗೆ ಘೋಷಿಸಿದರು. ಗಾಡಿ ಐಸಿನ ಮೇಲೆ ಏರಿತು, ಒಂದು ಕಡೆ ಹಿಂಬದಿ ಚಕ್ರ ಸ್ವಲ್ಪ ಓಲಾಡಿತು, ಸಾವರಿಸಿಕೊಂಡು ಮೇಲೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಐಸು ಕರಗಿ ಅರ್ಧ ನೀರಾಗಿತ್ತು, ಉಳಿದರ್ಧ ಚಕ್ರದಡಿ ಪುಡಿಯಾಗಿ ಟಾರು ಕಾಣುತ್ತಿತ್ತು. ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಗಾಡಿ ಓಲಾಡಿದ ಗಳಿಗೆಯಲ್ಲಿ ನಾನು ಅತ್ತೆಯ ಮುಖ ನೋಡಿದ್ದೆ. ಹೆದರಿದವರ ಮುಖ ನನಗೆ ಗೊತ್ತು, ವೇದಿಕೆಯ ಮೇಲೆ ಎದುರಾಳಿಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅತ್ತೆ ಕಿಟಕಿಯಿಂದ ಕೈ ಹೊರಗೆ ಹಾಕಿ ನಗುತ್ತಿದ್ದರು. ಇಳಿದ ಮೇಲೆ, “ಇನ್ನೊಂದ್ ಸಲ ಹೋಗ್ಬಹುದಾ?” ಎಂದರು.

“ಇನ್ನೂ ನಂಬಿಕೆ ಬರ್ಲಿಲ್ವಾ ನಿಂಗೆ!” ಎಂದರು ಮಾವ.

ಹೊರಡುವ ಹಿಂದಿನ ದಿನ ಕ್ಲಬ್ಬಿನವರು ಸಾಮಾನು ತಂದು ತುಂಬಿದರು. ಡೀಸೆಲ್ ಡಬ್ಬ, ಸರಪಳಿ, ಗುಡಾರ, ಅಕ್ಕಿ, ಉಪ್ಪಿಟ್ಟಿನ ರವೆಯ ಮೂಟೆ. ಆ ಚಳಿಯಲ್ಲಿ ಒಂದು ಸ್ಟೆಪ್ನಿ ಸಾಲದು, ಎರಡಿರಲಿ ಎಂದು ಇನ್ನೊಂದು ಆಲ್ ಟೆರೇನ್ ಟೈರನ್ನೂ ತಂದಿದ್ದರು. ಮೊದಲನೆಯದಕ್ಕೆ ಗಾಡಿಯ ಕೆಳಗೆ ಜಾಗವಿತ್ತು. ಎರಡನೆಯದನ್ನು ಮಾವ ಹಿಂದೆ ಒಂದೆರಡು ಕಡೆ ತುರುಕಿ ನೋಡಿದರು. ಆಮೇಲೆ ಎಡಗಡೆಯ ಬಾಗಿಲು ತೆಗೆದು ಸೀಟಿನ ಮೇಲೆ ಕೂರಿಸಿ, ಬೆಲ್ಟು ಹಾಕಿದರು. ಅಳತೆ ಮಾಡಿ ಹೊಲಿಸಿದ ಹಾಗೆ ಕೂತಿತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಅಲ್ಲೇ ಇಡ್ಬೇಕಾ?”

“ಇಲ್ಲಿದ್ರೆ ಕಣ್ಮುಂದೆ ಇರತ್ತೆ. ಹಿಂದೆ ಹಾಕಿದ್ರೆ ಯಾವ್ದಾದ್ರೂ ಢಾಬಾ ಹತ್ರ ಎತ್ಕೊಂಡ್ ಹೋಗ್ತಾರೆ.”

ಅತ್ತೆ ಒಳಗೆ ಹೋದರು. ಒಂದು ಹಳೆಯ ಬೆಡ್‌ಶೀಟು ತಂದು ಸೀಟಿಗೆ ಕರಿ ಹತ್ತದ ಹಾಗೆ ಟೈರಿನ ಕೆಳಗೆ ಹಾಸಿದರು. ಮತ್ತೆ ಒಳಗೆ ಹೋದರು. ನಾನೂ ಹಿಂದೆಯೇ ಹೋದೆ. ಅತ್ತೆಯ ಕೋಣೆಯ ಮಂಚದ ಮೇಲೆ ಏರ್‌ಬ್ಯಾಗು ಇತ್ತು, ಅದರಲ್ಲಿ ಸ್ವೆಟರು, ಹೊಸದಾಗಿ ಕೊಂಡ ಉಲ್ಲನ್ ಸಾಕ್ಸು, ನನ್ನಮ್ಮನಿಂದ ಎರವಲು ತಂದ ಶಾಲು. ಶಾಲು ಯಾಕೆ ಎಂದು ಅಮ್ಮ ಕೇಳಿದ್ದಕ್ಕೆ “ಅಲ್ಲಿ ಬೇಕಾಗತ್ತಲ್ಲ” ಎಂದಿದ್ದರಂತೆ. ತಮ್ಮನಿಗಿರಬೇಕೆಂದು ಅಮ್ಮ ಕೊಟ್ಟಿದ್ದರು. ಅಂಚಿನಲ್ಲಿ ಗುಲಾಬಿ ಬಣ್ಣದ ಹೂಗಳಿರುವ ಶಾಲು.

“ಅತ್ತೆ,” ಎಂದೆ, “ನೀವು ಹೋಗ್ಬೇಕು ಅಂತಿದ್ರಾ?”

ಅವರು ಶಾಲನ್ನು ಬ್ಯಾಗಿನಿಂದ ತೆಗೆದು, ಬಿಡಿಸಿ, ಮತ್ತೆ ಮಡಿಸಿ ನನ್ನ ಕೈಗೆ ಕೊಟ್ಟರು. “ಇಷ್ಟು ದಿನ ಕೇಳಿದ್ನಲ್ಲ” ಎಂದರು.

ಕೇಳಿದ್ನಲ್ಲ. ಅಷ್ಟು ದಿನಗಳಲ್ಲಿ ಈ ವಿಷಯವಾಗಿ ಅವರ ಬಾಯಿಂದ ಬಂದ, ತಾವೇ ಇದ್ದ ಕ್ರಿಯಾಪದ ಅದೊಂದೇ.

ನಾನು ಹೊರಗೆ ಹೋಗಿ ಹೇಳುತ್ತೇನೆ ಎಂದೆ. “ನೀನು ಹೇಳಿದ್ರೆ ಅದು ಚರ್ಚೆ ಆಗತ್ತೆ. ಬೇಡ” ಎಂದರು. “ಒಲೆ ಮೇಲೆ ಹಾಲಿದೆ, ನೋಡು ಹೋಗು.” ಹೇಳುವುದು ಬಿಡುವುದು ಅವರ ಹಕ್ಕು, ಅದು ನನ್ನ ವೇದಿಕೆಯಲ್ಲ. ನಾನು ಹೋಗಿ ಒಲೆ ಆರಿಸಿದೆ.

ಬೆಳಿಗ್ಗೆ ಚಕ್ರಗಳಡಿ ನಿಂಬೆಹಣ್ಣು ಇಟ್ಟು ಮಾವ ಹೊರಟರು. ಹೋದರು, ಬಂದರು. ಟೈರು ಚೆನ್ನಾಗಿ ಕೆಲಸ ಮಾಡಿತು. ಹೊಸದಾಗಿ ಬಿದ್ದ ಹಿಮದಲ್ಲಿ ಸೀಳುಗಳು ಕಚ್ಚಿಕೊಂಡವು, ಗಟ್ಟಿಯಾದ ಕಡೆ ಸರಪಳಿ ಬೇಕಾಯಿತು. ಕೆನಡಾದವರು ಬರೆದದ್ದು ಸರಿ ಇತ್ತು. ಮಾವ ಫೋಟೋ ತಂದರು. ಎಲ್ಲ ಬೆಳ್ಳಗೆ, ನಡುವೆ ಗಾಡಿ. ಒಂದು ಫೋಟೋದಲ್ಲಿ ಎಡಗಡೆಯ ಸೀಟಿನ ಟೈರಿಗೆ ಮಂಕಿ ಕ್ಯಾಪು ಹಾಕಿ, ಕಪ್ಪು ಕನ್ನಡಕ ಏರಿಸಿದ್ದರು. ಕ್ಲಬ್ಬಿನ ಹುಡುಗರು ಅದನ್ನು ದಾರಿಯುದ್ದಕ್ಕೂ ಮೇಡಂ ಎಂದು ಕರೆಯುತ್ತಿದ್ದರಂತೆ. “ಮೇಡಂಗೆ ಟೀ ಬೇಕಾ ಕೇಳ್ರೋ ಅಂತ ಒಬ್ಬ, ಮೇಡಂ ಮುನಿಸ್ಕೊಂಡಿದಾರೆ ಅಂತ ಇನ್ನೊಬ್ಬ” ಎಂದು ಮಾವ ನಕ್ಕು ನಕ್ಕು ಹೇಳಿದರು. ಅತ್ತೆ ಆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಟೈರನ್ನಲ್ಲ, ಅದರ ಹಿಂದಿನ ಕಿಟಕಿಯಲ್ಲಿ ಕಾಣುತ್ತಿದ್ದದ್ದನ್ನು ನೋಡುತ್ತಿದ್ದಾರೆಂದು ನನಗನಿಸಿತು. ಇದನ್ನು ಮಾತ್ರ ನಾನು ಸಾಬೀತು ಮಾಡಲಾರೆ.

ಕೆಲಸ ಹಿಡಿಸಿ ಕ್ಲಬ್ಬಿನವರು ಮರುವರ್ಷವೂ ಮಾವನನ್ನೇ ಕರೆದರು.

ಮೊನ್ನೆ ರಾಜರಾಜೇಶ್ವರಿನಗರದಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಊಟವಾಗಿ ಚಾಪೆಯ ಮೇಲೆ ಒರಗಿಕೊಂಡವರ ನಡುವೆ ಮಾವನ ಕತೆ ಶುರುವಾಯಿತು. ಅತ್ತೆಯ ಹೆದರಿಕೆ, ಮಂಜು ಪ್ಲಸ್ ಸ್ನೋ, ಐಸಿನ ಪರೀಕ್ಷೆ. ಅತ್ತೆ ಪಕ್ಕದಲ್ಲಿ ಎಲೆಅಡಿಕೆ ತಟ್ಟೆ ಹಿಡಿದು ಕೂತಿದ್ದರು. ನಾನು ಕೈ ಎತ್ತಿ, “ಅತ್ತೆ ಹೆದ್ರಿರ್ಲಿಲ್ಲ ಮಾವ, ಅವ್ರಿಗೂ ಬರ್ಬೇಕಾಗಿತ್ತು” ಎಂದೆ. ಅತ್ತೆ ತಟ್ಟೆಯನ್ನು ಕೆಳಗಿಟ್ಟರು, ಬೇಡ ಎನ್ನಲಿಲ್ಲ.

ಮಾವ ಅತ್ತೆಯನ್ನೂ ನನ್ನನ್ನೂ ನೋಡಿದರು. “ಹೌದೇನೇ?” ಎಂದರು. ಆಮೇಲೆ ಸುಧಾರಿಸಿಕೊಂಡು ಎಲ್ಲರಿಗೂ ಕೇಳುವ ಹಾಗೆ, “ಮೊದ್ಲೇ ಹೇಳೋದಲ್ವಾ! ಆ ಸಲ ಟೈರಿಗೇ ಜಾಗ ಇರ್ಲಿಲ್ಲ, ಏನ್ ಮಾಡೋದು? ಎರಡನೇ ಸಲ ಕ್ಲಬ್‌ನವ್ರು ಸಾಮಾನಿಗೆ ಇನ್ನೊಂದು ಗಾಡಿ ಮಾಡಿದ್ರು, ಟೈರೆಲ್ಲ ಅದ್ರಲ್ಲಿ ಹೋಯ್ತು. ಇಲ್ಲಿಂದ ಅಲ್ಲೀವರ್ಗೂ ಒಬ್ನೇ, ಪಕ್ಕದಲ್ಲಿ ಮಾತಾಡಕ್ಕೆ ಒಂದು ನರಪಿಳ್ಳೆ ಇಲ್ದೆ ಬೇಜಾರಾಗೋಯ್ತು” ಎಂದರು.

ಅಲ್ಲ ಮಾವ, ಆ ಎರಡನೇ ಸಲ ಸೀಟು ಖಾಲಿ ಇತ್ತಲ್ಲ, ಅತ್ತೇನ ನೀವೇ ಯಾಕೆ ಕರೀಲಿಲ್ಲ?